ಎರಡು ಕೋಲಿನ ಕಲಾವತಿ

ನಮ್ಮ ಆಫೀಸಿನಲ್ಲಿ ಕಲಾವತಿಗೆ ‘ಆರಂಭಶೂರೆ’ ಎಂದು ಹೆಸರಿಟ್ಟವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಕಥೆ ಕೆಡುತ್ತದೆ.

ನುಂಗಂಬಾಕ್ಕಂನ ಒಂದು ವಿಮಾ ಕಚೇರಿಯ ಐದನೆಯ ಮಹಡಿಯಲ್ಲಿ ನಮ್ಮಿಬ್ಬರ ಮೇಜುಗಳು ಹದಿನಾಲ್ಕು ವರ್ಷ ಅಕ್ಕಪಕ್ಕ ಇದ್ದವು. ನಾನು ಸುಮತಿ. ನನ್ನ ತಾತ ಮೈಸೂರು ಬಿಟ್ಟು ಮದರಾಸಿಗೆ ಬಂದವರು, ಹಾಗಾಗಿ ನನ್ನ ಮಾತಿನಲ್ಲಿ ಕನ್ನಡ ಎಷ್ಟು, ತಮಿಳು ಎಷ್ಟು ಎಂದು ನನಗೇ ಗೊತ್ತಾಗುವುದಿಲ್ಲ. ಕಲಾವತಿ ಇಳಕಲ್ಲಿನ ಕಡೆಯವಳು. ಗಂಡ ಅಂದಾನಿಗೆ ರೈಲ್ವೆ ನೌಕರಿ, ಮನೆ ತಿರುವೊಟ್ಟಿಯೂರಿನಲ್ಲಿ, ಜೊತೆಗೆ ಅವಳ ತಾಯಿ ಶಿವಲಿಂಗಮ್ಮ. ಇಷ್ಟು ವರ್ಷ ಸಮುದ್ರದ ಗಾಳಿ ಕುಡಿದರೂ ಆ ಮನೆಯ ಕನ್ನಡಕ್ಕೆ ಒಂದು ಹರಳು ಉಪ್ಪು ತಗುಲಿರಲಿಲ್ಲ.

ಹೆಸರಿಡಲು ಕಾರಣ ಬೇಕಾದಷ್ಟಿತ್ತು. ಮೇಜಿನ ಕೆಳಗಿನ ಖಾನೆಯಲ್ಲಿ ಒಂದು ತೋಳಿನ ಸ್ವೆಟರ್ ಇತ್ತು. ಚೆನ್ನೈಯಲ್ಲಿ ಸ್ವೆಟರ್ ಯಾರಿಗೆ ಎಂದು ಕೇಳಬೇಡಿ. ಟಿ. ನಗರಕ್ಕೆ ಹೋಗಿ ಹಿಂದಿ ಕಲಿಯಲು ಸೇರಿ, ಮೊದಲ ಪರೀಕ್ಷೆ ಪಾಸು ಮಾಡಿ, ಎರಡನೆಯದರ ಅರ್ಜಿಗೆ ಫೋಟೋ ತೆಗೆಸಿಕೊಂಡು ಬಂದು ಅಲ್ಲಿಗೇ ನಿಲ್ಲಿಸಿದಳು. ಬಡ್ತಿಗೆ ಬರೆಯಬೇಕಾದ ಇಲಾಖಾ ಪರೀಕ್ಷೆಯಲ್ಲಿ ಮೂರು ಪತ್ರಿಕೆ ಆಗಿ ಎರಡು ಉಳಿದಿದ್ದವು. ಬಿ.ಕಾಂ. ಎರಡು ವರ್ಷ, ಟೈಪಿಂಗ್ ಆರು ತಿಂಗಳು. ಊರಿನವರ ಜೊತೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವಳು ಅದನ್ನೂ ಅರ್ಧಕ್ಕೇ ಬಿಟ್ಟು ಬಂದಿದ್ದಳಂತೆ. ನಾವು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಅವಳ ನಗುವನ್ನು ನಾನು ಸರಿಯಾಗಿ ನೋಡಿರಲಿಲ್ಲ ಎಂಬುದು ಈಗಿನ ಮಾತು.

2007ರಲ್ಲಿ ಅವಳಿಗೆ ಮೊಣಕಾಲು ಹಿಡಿಯಿತು. ವಯಸ್ಸು ನಲವತ್ತೈದು. ಡಾಕ್ಟರು ದಿನಾ ನಡೆಯಿರಿ, ಕೈಗೊಂದು ಕೋಲು ಇರಲಿ ಎಂದರು. ಕೋಲು ಎಂದ ಕೂಡಲೇ ಅವಳಿಗೆ ಅಳುವೇ ಬಂತು. ಬೀಚ್ ಸ್ಟೇಷನ್ನಿನ ಎದುರಿನ ಬರ್ಮಾ ಬಜಾರಿನಲ್ಲಿ ವಿದೇಶಿ ಸಾಮಾನು ಮಾರುವ ಬಾಬು ಎಂಬಾತ ಕ್ಯಾಮರಾ ಸ್ಟ್ಯಾಂಡುಗಳ ರಾಶಿಯಿಂದ ಒಂದು ಜೊತೆ ಅಲ್ಯೂಮಿನಿಯಂ ಕೋಲು ಎಳೆದು ತೋರಿಸಿದ. ಒಂದರೊಳಗೊಂದು ಮೂರು ತುಂಡು, ತಿರುಗಿಸಿದರೆ ಬಿಗಿಯಾಗುತ್ತದೆ, ಸಡಿಲಿಸಿದರೆ ಉದ್ದ ಗಿಡ್ಡ ಮಾಡಬಹುದು. ಮೇಲೆ ಕೈಗೆ ಪಟ್ಟಿ, ಕೆಳಗೆ ಚೂಪು ಮೊನೆ.

“ಒಂದು ಸಾಕಪ್ಪಾ,” ಎಂದಳು ಕಲಾವತಿ.

“ಒಣ್ಣು ಪುಡಿಚ್ಚಾ ಪಾಟಿ ಮಾ, ರೆಂಡು ಪುಡಿಚ್ಚಾ ಫಾರಿನ್!” ಎಂದ ಬಾಬು. ಒಂದು ಹಿಡಿದರೆ ಅಜ್ಜಿ, ಎರಡು ಹಿಡಿದರೆ ಫಾರಿನ್. ಇಂಥ ಮಾರಾಟಗಾರ ನಮ್ಮ ವಿಮಾ ಕಂಪನಿಗೆ ಸಿಕ್ಕಿದ್ದರೆ ಊರಿನಲ್ಲಿ ಪಾಲಿಸಿ ಇಲ್ಲದವರೇ ಇರುತ್ತಿರಲಿಲ್ಲ. ಅವಳು ಎರಡನ್ನೂ ತಂದಳು.

ಮರುದಿನದಿಂದ ತಿರುವೊಟ್ಟಿಯೂರಿನ ಕಡಲಂಚಿನಲ್ಲಿ ಸೀರೆಯುಟ್ಟು, ಕ್ಯಾನ್ವಾಸ್ ಬೂಟು ಹಾಕಿ, ಎರಡು ಕೋಲು ಊರುತ್ತ ಕಲಾವತಿಯ ನಡಿಗೆ ಶುರುವಾಯಿತು. ಮೊದಲ ದಿನವೇ ಎಡಗೋಲು ಬಲಗಾಲಿಗೆ ಸಿಕ್ಕಿ, ಬಲೆ ಎಳೆಯುತ್ತಿದ್ದ ಮೀನುಗಾರರ ಮುಂದೆಯೇ ಮುಗ್ಗರಿಸಿದಳು. ನಗುವವರ ಮುಂದೆ ಎಡವಿ ಬಿದ್ದ ಹಾಗೆ ಎನ್ನುತ್ತಾರಲ್ಲ, ಅಕ್ಷರಶಃ ಅದೇ ಆಯಿತು. ಅವರು ನಕ್ಕರು, ಎತ್ತಿ ನಿಲ್ಲಿಸಿದರು, ಆಮೇಲೆ ದಿನಾ ಅವಳಿಗಾಗಿ ಬಲೆಯ ಹಗ್ಗ ಎತ್ತಿ ದಾರಿ ಬಿಡತೊಡಗಿದರು.

ಆ ಮರಳಿನ ಮೇಲೆಯೇ ರವಿಕಿರಣ ಸಿಕ್ಕಿದ್ದು. ಹಾಸನದ ಹುಡುಗ, ಯಾವುದೋ ಕಾರ್ಖಾನೆಯಲ್ಲಿ ಇಂಜಿನಿಯರು, ಭಾನುವಾರಗಳಲ್ಲಿ ನಾಲ್ಕಾರು ಹುಚ್ಚರನ್ನು ಕಟ್ಟಿಕೊಂಡು ಗುಡ್ಡಗಾಡಿನಲ್ಲಿ ಓಡುವವನು. ಕೋಲುಗಳನ್ನು ನೋಡಿದವನೇ ಓಟ ನಿಲ್ಲಿಸಿದ.

“ಆಂಟಿ, ಈ ಪೋಲ್ಸ್ ನಿಮ್ಗೆಲ್ಲಿ ಸಿಕ್ತು? ನಾನು ಒಂದ್ ವರ್ಷದಿಂದ ಹುಡುಕ್ತಾ ಇದೀನಿ!”

“ಇದು ಮೊಣಕಾಲಿಂದು ತಮ್ಮಾ.”

“ಅಲ್ಲ ಆಂಟಿ, ಇದು ಬೆಟ್ಟ ಹತ್ತೋದು. ಪಟ್ಟಿ ಒಳಗೆ ಕೈನ ಕೆಳಗಿಂದ ತೂರಿಸ್ಬೇಕು. ಮೊಣಕೈ ನೈಂಟಿ ಡಿಗ್ರಿ ಮಡಚೋವಷ್ಟು ಎತ್ತರ ಇಟ್ಕೊಳ್ಳಿ. ಎಡಗಾಲು ಮುಂದೆ ಹೋದ್ರೆ ಬಲಗೈ ಕೋಲು.”

ಅವನು ಹೇಳಿದಂತೆ ಹತ್ತು ಹೆಜ್ಜೆ ಇಟ್ಟಳಂತೆ. ಹನ್ನೊಂದನೆಯ ಹೆಜ್ಜೆಗೆ ಮೊಣಕಾಲಿನ ಭಾರ ತೋಳಿಗೆ ಬಂತು, ದೇಹ ತಾನಾಗಿ ಮುಂದೆ ಹೋಯಿತು. ಅವತ್ತು ಆಫೀಸಿಗೆ ಬಂದವಳು ಲಿಫ್ಟ್ ಬಿಟ್ಟು ಐದು ಮಹಡಿ ಹತ್ತಿದಳು. “ಸುಮತಿ, ನನಗ ನಾಕ ಕಾಲ ಬಂದಾವ!” ಎಂದು ಏದುಸಿರಿನಲ್ಲಿ ಕುಣಿದಳು. ನಮ್ಮ ಸೆಕ್ಷನ್ ಆಫೀಸರು ಕನ್ನಡಕ ತೆಗೆದು ನೋಡಿದರು.

ರವಿಕಿರಣನ ಗುಂಪು 2009ರ ಜನವರಿಗೆ ಒಂದು ಓಟ ಇಟ್ಟುಕೊಂಡಿತ್ತು. ಊತ್ತುಕೋಟೈ ದಾಟಿ ಆಂಧ್ರದ ಗಡಿಯ ಗುಡ್ಡಗಳಲ್ಲಿ ಐವತ್ತು ಕಿಲೋಮೀಟರ್, ಬೆಳಿಗ್ಗೆ ಆರರಿಂದ ಸಂಜೆ ಆರರೊಳಗೆ. ಓಡಬಹುದು, ನಡೆಯಬಹುದು, ಆರು ಗಂಟೆ ದಾಟಿದರೆ ಲೆಕ್ಕಕ್ಕಿಲ್ಲ. ಕಲಾವತಿ ಹೆಸರು ಕೊಟ್ಟಳು. ನಾನು ಟೀ ಲೋಟ ಹಿಡಿದುಕೊಂಡೇ ನಕ್ಕೆ.

“ಇದನ್ನ ಎಷ್ಟನೇ ಕಿಲೋಮೀಟರಲ್ಲಿ ಬಿಡ್ತೀಯೆ? ಈಗ್ಲೇ ಸೊಲ್ಲಿಬಿಡು, ನಾನು ಅಲ್ಲಿಗೇ ಆಟೋ ಕಳಿಸ್ತೀನಿ.”

ಅವಳು ನಗಲಿಲ್ಲ. ನನ್ನ ಲೋಟವನ್ನು ಕೈಯಿಂದ ತೆಗೆದು ಮೇಜಿನ ಮೇಲಿಟ್ಟಳು. “ಇದೊಂದನ್ನ ಮುಗಸ್ತೀನಿ ಸುಮತಿ. ನನ್ನ ಜೀವನದಾಗ ಒಂದರ ಕೆಲಸದ ಕೊನೀ ಹೆಂಗಿರತೈತಿ ಅಂತ ನೋಡಬೇಕಾಗೇತಿ.”

ಆಮೇಲಿನ ಹದಿನಾಲ್ಕು ತಿಂಗಳನ್ನು ನೆನೆದರೆ ಈಗಲೂ ತಲೆ ಗಿರ್ರೆನ್ನುತ್ತದೆ. ಶನಿವಾರ ಇಪ್ಪತ್ತು ಕಿಲೋಮೀಟರ್ ನಡೆದು, ದಣಿದ ಅದೇ ಕಾಲಿನಲ್ಲಿ ಭಾನುವಾರ ಮತ್ತೆ ಹದಿನೈದು. ಪರಂಗಿಮಲೆ ಗುಡ್ಡದ ಮೆಟ್ಟಿಲು ಹತ್ತಿ ಇಳಿದು, ಇಳಿದು ಹತ್ತಿ, ಮೇಲಿನ ಚರ್ಚಿಗೆ ಬಂದವರೆಲ್ಲ ಇದೇನೋ ಹರಕೆ ಎಂದುಕೊಂಡು ಅವಳಿಗೆ ಕೈಮುಗಿಯುತ್ತಿದ್ದರು. ಕಡಲು ಕೊರೆಯದಂತೆ ತಿರುವೊಟ್ಟಿಯೂರಿನಲ್ಲಿ ಸುರಿದಿರುವ ಕರಿಬಂಡೆಗಳ ಮೇಲೆ ಕೋಲು ಊರಿ ಹಾರುವುದು ಬೇರೆ. ನಡೆಯುತ್ತಲೇ ತಿನ್ನುವುದನ್ನೂ ಕಲಿಯಬೇಕಂತೆ, ಅದಕ್ಕೆ ಆಫೀಸಿನ ವೆರಾಂಡದಲ್ಲಿ ಅತ್ತಿಂದಿತ್ತ ಓಡಾಡುತ್ತ ಶೇಂಗಾ ಉಂಡೆ ಮೆಲ್ಲುತ್ತಿದ್ದಳು. ನನಗೂ ಒಂದು ಕೊಡುತ್ತಿದ್ದಳು, ಹಾಗಾಗಿ ನಾನೂ ಓಡಾಡಿದೆ. ನನ್ನ ತೂಕ ಮಾತ್ರ ಏರಿತು.

ಜನಜಂಗುಳಿಯಲ್ಲಿ ಕೋಲು ಹಿಡಿದು ಸಾಗುವುದು ಬಂದರೆ ಯಾವ ಕಾಡೂ ಕಷ್ಟವಲ್ಲ ಎಂದು ಯಾರೋ ಅಂದರೆಂದು ದೀಪಾವಳಿಯ ಹಿಂದಿನ ಭಾನುವಾರ ಟಿ. ನಗರದ ರಂಗನಾಥನ್ ಬೀದಿಗೇ ಹೊರಟಳು. ನಾನು ಜೊತೆಗೆ. ಮೊನೆಗಳಿಗೆ ರಬ್ಬರ್ ಟೋಪಿ ಹಾಕಿದ್ದಳು, ಅಷ್ಟು ಧರ್ಮ ಇತ್ತು. ಜವಳಿ ಚೀಲಗಳು, ಬಲೂನು, ಮಲ್ಲಿಗೆ, ಬೆವರು, ನೂಕುನುಗ್ಗಲು, ಅದರ ಮಧ್ಯೆ ಟಕ್ ಟಕ್ ಎಂದು ಕಲಾವತಿ. ಬೀದಿಯ ಬಾಯಿಯಲ್ಲಿದ್ದ ಒಬ್ಬ ಆಟೋದವನು ಕೂಗಿದ: “ಯಕ್ಕಾ, ಐಸ್ ಮಲೈ ಎಂಗೆ ಇರುಕ್ಕು?” ಹಿಮದ ಬೆಟ್ಟ ಎಲ್ಲಿದೆ ಎಂದು. ನಾನು ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವಳು ಕೋಲೆತ್ತಿ ಒಂದು ಜವಳಿ ಅಂಗಡಿಯ ಆರನೆಯ ಮಹಡಿ ತೋರಿಸಿದಳು. ಬೀದಿಗೆ ಬೀದಿಯೇ ನಕ್ಕಿತು. ನನಗೂ ಅವತ್ತು ಏನಾಯಿತೋ, ಒಂದು ಕೋಲು ಕಸಿದುಕೊಂಡು ಅರ್ಧ ಬೀದಿ ನಾನೇ ಊರಿಕೊಂಡು ಹೋದೆ.

ಮನೆಯಲ್ಲಿ ಅಂದಾನಿಯವರದು ಬೇರೆ ರಾಗ. “ಮನಿ ಗೆದ್ದು ಮಾರು ಗೆಲ್ಲು ಅಂತಾರ, ಇಕಿ ಮನಿ ಬಿಟ್ಟು ಗುಡ್ಡ ಗೆಲ್ಲಾಕ ಹೊಂಟಾಳ,” ಎನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ತಮ್ಮ ಬನಿಯನ್ ಎಲ್ಲಿದೆ ಎಂಬುದು ಅವರಿಗೆ ಇಪ್ಪತ್ತು ವರ್ಷದಿಂದ ಗೊತ್ತಿಲ್ಲ.

ಶಿವಲಿಂಗಮ್ಮ ಮಾತ್ರ ಮಗಳ ಪಕ್ಷ. ಎಪ್ಪತ್ತು ದಾಟಿದ ಆ ತಾಯಿ ಯುಗಾದಿಗೆ ಮೂರು ಸಲ ಇಳಕಲ್ಲಿನಿಂದ ಶ್ರೀಶೈಲಕ್ಕೆ ನಡೆದವರು. ಕಾಡು, ಕಲ್ಲು, ಬೆಟ್ಟದ ಇಳಿಜಾರು ಅವರಿಗೆ ಹೊಸದಲ್ಲ. ಒಂದು ದಿನ ರವಿಕಿರಣನಿಗೇ ಪಾಠ ಹೇಳಿದರು: “ಯಪ್ಪಾ, ಇಳಿಯೂ ಮುಂದ ಕೋಲ ಉದ್ದ ಇರಬೇಕು. ಮೊದಲ ಕೋಲ ಇಳಿಬೇಕು, ಹಿಂದಿನಿಂದ ಕಾಲ. ಕೋಲಿಗೆ ನೆಲ ಸಿಗದಿದ್ರ ಕಾಲಿಗೆ ಹೆಂಗ ಸಿಗತೈತಿ?” ಅವನು ತನ್ನ ಕಾಗದಗಳಲ್ಲಿ ಅದನ್ನು ಬರೆದುಕೊಂಡ.

ಓಟದ ದಿನ ಬಂತು. ನಾನು ಸ್ವಯಂಸೇವಕಿ, ಕುತ್ತಿಗೆಗೆ ಸೀಟಿ. ಮೂವತ್ತೆಂಟನೆಯ ಕಿಲೋಮೀಟರಿನ ಚೌಕಿಯಲ್ಲಿ ನೀರು, ಬಾಳೆಹಣ್ಣು ಇಟ್ಟುಕೊಂಡು ಕೂತೆ. ಹಟ ಮಾಡಿ ಬಂದ ಶಿವಲಿಂಗಮ್ಮ ನನ್ನ ಪಕ್ಕದ ಕುರ್ಚಿಯಲ್ಲಿ. ಆ ಚೌಕಿಯನ್ನು ಮಧ್ಯಾಹ್ನ ಮೂರರೊಳಗೆ ಬಿಡದವರನ್ನು ಜೀಪಿನಲ್ಲಿ ಹತ್ತಿಸಿಬಿಡುವುದು ನಿಯಮ. ಇನ್ನೆರಡು ನಿಯಮಗಳೂ ಇದ್ದವು. ಕೋಲು ಹಿಡಿದು ಹೊರಟವರು ಕೋಲು ಹಿಡಿದೇ ಮುಗಿಸಬೇಕು, ದಾರಿಯಲ್ಲಿ ಬಿಸಾಡುವಂತಿಲ್ಲ. ಮನೆಯವರಾಗಲಿ ನಮ್ಮಂಥ ಸ್ವಯಂಸೇವಕರಾಗಲಿ ಓಟಗಾರರಿಗೆ ಸಹಾಯಕ್ಕೆ ಕೈ ಹಚ್ಚುವಂತಿಲ್ಲ.

ಎರಡೂಕಾಲಿಗೆ ಕಲಾವತಿ ತಿರುವಿನಲ್ಲಿ ಕಂಡಳು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಸೊಂಟ ಬಾಗಿಸಿ, ನೆಲದಲ್ಲಿ ಸೊಪ್ಪು ಕೀಳುವವಳಂತೆ ಬರುತ್ತಿದ್ದಳು. ಕೋಲುಗಳು ಮೊಣಕಾಲೆತ್ತರಕ್ಕೆ ಇಳಿದಿದ್ದವು. ಎಡ ಮೊಣಕಾಲಿನ ಹತ್ತಿರ ಪೈಜಾಮ ಹರಿದು ರಕ್ತ.

“ಎಷ್ಟ ತಿರುವಿದ್ರೂ ನಿಲ್ಲವಲ್ವು ಸುಮತಿ! ಮುಂಜಾನಿ ತಂಪಿನ್ಯಾಗ ಹೆಂಗೋ ನಿಂತಿದ್ವು. ಬಿಸಿಲ ಏರಿದ ಮ್ಯಾಲೆ ಊರಿದ ಕೂಡ್ಲೆ ಸರ್ ಅಂತ ಒಳಗ ಹೊಕ್ಕಾವ. ಇಳಿಜಾರಿನ್ಯಾಗ ಬಿದ್ನಿ.”

ಚೌಕಿಗೆ ಬಂದಿದ್ದ ರವಿಕಿರಣ ಒಂದು ಕೋಲನ್ನು ನೋಡಿದ, ಮೂಸಿದ, ಮತ್ತೆ ಮೂಸಿದ. “ಆಂಟಿ, ಇದ್ರಲ್ಲಿ ಒಗ್ಗರಣೆ ವಾಸ್ನೆ ಬರ್ತಿದೆ.”

ಶಿವಲಿಂಗಮ್ಮ ಕುರ್ಚಿಯಲ್ಲೇ ಹೆಮ್ಮೆಯಿಂದ ನೆಟ್ಟಗಾದರು. “ಕುಸುಬಿ ಎಣ್ಣಿ! ನಿನ್ನೆ ನಾನ ಹಚ್ಚೀನಿ. ಮೂರೂ ತುಂಡ ಬಿಚ್ಚಿ, ಒಳಗ ಹೊರಗ ತಿಕ್ಕೀನಿ. ದೂರ ನಡಿಯೂ ಕೋಲಿಗೆ ಎಣ್ಣಿ ಕುಡಿಸಲಿಲ್ಲ ಅಂದ್ರ ಸೀಳತಾವ.”

ಬಿದಿರಿನ ಕೋಲಿಗೆ ಅದು ಸರಿ. ಶ್ರೀಶೈಲದ ದಾರಿಯಲ್ಲಿ ನಡೆಯುವವರೆಲ್ಲ ಹಾಗೇ ಮಾಡುತ್ತಾರಂತೆ. ಆದರೆ ತಿರುಗಿಸಿ ಬಿಗಿ ಮಾಡುವ ಲೋಹದ ಕೋಲು ನಿಲ್ಲುವುದೇ ಒಳಗಿನ ಒಣ ಹಿಡಿತದ ಮೇಲೆ. ಎಣ್ಣೆ ಬಿತ್ತೋ, ಮುಗಿಯಿತು. ರವಿಕಿರಣ ಇದನ್ನು ಹೇಳುತ್ತಿದ್ದಂತೆ ಆ ತಾಯಿಯ ಮುಖ ಇಳಿದುಹೋಯಿತು. ನನಗೋ ಒಳಗಿಂದ ನಗು ಒತ್ತಿ ಬರುತ್ತಿತ್ತು. ಗಡಿಯಾರ ನೋಡಿದೆ. ಎರಡೂವರೆ. ಆ ಮೊಣಕಾಲಿಗೆ ಕೋಲಿಲ್ಲದೆ ಹನ್ನೆರಡು ಕಿಲೋಮೀಟರ್ ಆಗದ ಮಾತು. ಕೋಲು ಬಿಸಾಡುವಂತೆಯೂ ಇಲ್ಲ. ಎಣ್ಣೆ ಒರೆಸಲೆಂದು ನಾನು ನನ್ನ ಕರ್ಚೀಫ್ ಚಾಚಿದೆ, ನಿಯಮ ನೆನಪಿಸಿ ರವಿಕಿರಣ ನನ್ನ ಕೈ ತಡೆದ.

ಕಲಾವತಿ ನೆಲದ ಮೇಲೆ ಕೂತಳು. ಆಮೇಲೆ ಸೊಂಟದ ಚೀಲಕ್ಕೆ ಕೈ ಹಾಕಿ ವಿಭೂತಿಯ ಗಟ್ಟಿ ತೆಗೆದಳು. ಅವರ ಮನೆಯವರು ಹಣೆಗೆ ವಿಭೂತಿ ಇಲ್ಲದೆ ಹೊಸಿಲು ದಾಟುವವರಲ್ಲ. ಅದನ್ನು ಕಲ್ಲಿನ ಮೇಲೆ ಕುಟ್ಟಿ ಪುಡಿ ಮಾಡಿದಳು, ಕೋಲುಗಳನ್ನು ಬಿಚ್ಚಿದಳು, ತುಂಡು ತುಂಡಿಗೂ ಪುಡಿ ಮೆತ್ತಿ ತನ್ನ ದುಪಟ್ಟಾದಿಂದ ತಿಕ್ಕಿದಳು. ಎಣ್ಣೆ ಕುಡಿದ ಬೂದಿ ಕಪ್ಪು ಮುದ್ದೆಯಾಗಿ ಬಂತು. ಮತ್ತೆ ಪುಡಿ, ಮತ್ತೆ ತಿಕ್ಕು. ಮೂರನೆಯ ಸಲಕ್ಕೆ ಜೋಡಿಸಿ ತಿರುಗಿಸಿದಾಗ ಕರಕ್ ಎಂದು ಹಿಡಿಯಿತು. ಇಡೀ ಮೈಯ ಭಾರ ಹಾಕಿ ಊರಿದಳು. ನಿಂತಿತು! ನಾನು ಸೀಟಿ ಊದಿಬಿಟ್ಟೆ. ಬಾಳೆಹಣ್ಣು ತಿನ್ನುತ್ತಿದ್ದ ಇನ್ನೊಬ್ಬ ಓಟಗಾರ ತನ್ನನ್ನೇ ಓಡಿಸುತ್ತಿದ್ದಾರೆಂದು ಎದ್ದು ಓಡಿದ.

ಅಷ್ಟರಲ್ಲಿ ಅವಳ ಮೊಬೈಲು ಬಡಿದುಕೊಂಡಿತು. ಅಂದಾನಿಯವರು. ಅವರ ದನಿ ನಮಗೆಲ್ಲ ಕೇಳಿಸುವಷ್ಟಿತ್ತು. ಮೆಟ್ರೋ ವಾಟರ್ ಲಾರಿ ಬಂದಿದೆ, ಕೊಡಗಳೆಲ್ಲಿ, ಯಾವಾಗ ಬರುತ್ತೀ, ಆ ರವಿಕಿರಣನಿಗೆ ಹೇಳಿ ಈಗಲೇ ಒಂದು ಕಾರು ಮಾಡಿಸಿಕೊಂಡು ಬಾ.

“ಕೊಡ ಅಡಗಿಮನ್ಯಾಗ ಅದಾವ. ನೀವೂ ಮನ್ಯಾಗ ಅದೀರಿ. ಇಬ್ಬರೂ ಭೆಟ್ಟಿ ಆಗ್ರಿ,” ಎಂದು ಫೋನ್ ಬಂದ್ ಮಾಡಿ ಚೀಲಕ್ಕೆ ಹಾಕಿಕೊಂಡಳು. ಮೂರಕ್ಕೆ ಹತ್ತು ನಿಮಿಷ ಇರುವಾಗ ಟಕ್ ಟಕ್ ಎಂದು ಹೊರಟೇಹೋದಳು. ಹಿಂದಿರುಗಿ ನೋಡಲಿಲ್ಲ.

ಜೀಪಿನಲ್ಲಿ ಕೊನೆಯ ಗೆರೆಯ ಕಡೆಗೆ ಹೋಗುವಾಗ ಶಿವಲಿಂಗಮ್ಮ ತಮ್ಮ ಅಂಗೈಯನ್ನೇ ಮತ್ತೆ ಮತ್ತೆ ಮೂಸಿ ನೋಡುತ್ತಿದ್ದರು. ಅವರ ಮನಸ್ಸು ಬೇರೆ ಕಡೆ ತಿರುಗಿಸಲೆಂದು ಕೇಳಿದೆ: “ಅಮ್ಮಾ, ಶ್ರೀಶೈಲದ ದಾರೀಲಿ ಕಲಾ ಯಾಕೆ ತಿರುಂಬಿ ಬಂದ್ಲು? ಕಾಲು ನೋವಾಯ್ತಾ?”

“ಇಲ್ಲವಾ ತಂಗಿ. ನಾನ ಕರಸಿದ್ನಿ. ಆಕಿ ಆತ್ಮಕೂರ ಮುಟ್ಟಿದ್ಲು, ಇನ್ನ ಕಾಡ ದಾಟಿದ್ರ ಮಲ್ಲಯ್ಯನ ಗುಡಿ. ಇಲ್ಲಿ ವರನ ಕಡಿಯಾವ್ರು ಹುಡುಗಿ ನೋಡಾಕ ಬರ್ತೀವಿ ಅಂತ ಹೇಳಿ ಕಳಿಸಿದ್ರು. ಅವರಪ್ಪನ್ನ ಬಸ್ಸಿಗೆ ಕಳಿಸಿ ಕರಕೊಂಡ ಬಾ ಅಂದ್ನಿ.”

“ಆ ವರ ಅಂದಾನಿಯವರೇನಾ?”

“ಅಂದಾನಿ ಅಲ್ಲ. ಅಂವ ಒಪ್ಪಲೇ ಇಲ್ಲ.”

ಜೀಪು ಕುಲುಕುತ್ತಿತ್ತು. ನಾನು ಒಂದೊಂದಾಗಿ ಕೇಳುತ್ತ ಹೋದೆ, ಅವರು ಒಂದೊಂದಾಗಿ ಹೇಳುತ್ತ ಹೋದರು. ಟೈಪಿಂಗ್ ಬಿಟ್ಟದ್ದು ತಾಯಿಯ ಕಾಲು ಮುರಿದಾಗ. ಬಿ.ಕಾಂ. ಬಿಟ್ಟದ್ದು ಮದುವೆಗೆ. ಹಿಂದಿ ಪರೀಕ್ಷೆಯ ದಿನ, ಆಗಿನ್ನೂ ಚಿಕ್ಕವಳಿದ್ದ ಅವಳ ಮಗಳಿಗೆ ದಡಾರ. ಇಲಾಖಾ ಪರೀಕ್ಷೆಯ ತಿಂಗಳಲ್ಲಿ ಅತ್ತೆಗೆ ಲಕ್ವ. ಅವಳು ಯಾವುದನ್ನೂ ಬಿಟ್ಟಿರಲಿಲ್ಲ. ಪ್ರತಿ ಸಲ ಯಾರಾದರೂ ಕರೆದಿದ್ದರು, ಅವಳು ಎದ್ದು ಬಂದಿದ್ದಳು. ಅಂಥವಳಿಗೆ ನಾನು ಹೆಸರಿಟ್ಟು ಹದಿನಾಲ್ಕು ವರ್ಷ ಹಲ್ಲು ಕಿರಿದಿದ್ದೆ. ನನಗೆ ನಾಚಿಕೆಯಾಯಿತು. ಇದಕ್ಕಿಂತ ನಯವಾದ ಮಾತು ನನಗೆ ಗೊತ್ತಿಲ್ಲ.

ಕೊನೆಯ ಗೆರೆ ಒಂದು ಕೆರೆಯ ಅಂಗಳದಲ್ಲಿತ್ತು. ಎರಡು ಕಂಬದ ನಡುವೆ ಬ್ಯಾನರ್, ಪಕ್ಕದಲ್ಲಿ ಮೇಜಿನ ಮೇಲೊಂದು ಗಡಿಯಾರ. ಐದೂಮುಕ್ಕಾಲಾಯಿತು. ಐದೂಐವತ್ತು. ಒಬ್ಬೊಬ್ಬರಾಗಿ ಬಂದು ಹುಲ್ಲಿನ ಮೇಲೆ ಬಿದ್ದವರೆಲ್ಲ ಎದ್ದು ಕೂತರು, ಯಾಕೆಂದರೆ ಉಳಿದಿದ್ದವಳು ಇನ್ನೊಬ್ಬಳೇ. ಐದೂಐವತ್ತೈದಕ್ಕೆ ಏರಿಯ ಮೇಲೆ ಎರಡು ಕೋಲು ಮಿಂಚಿದವು. ಆಮೇಲೆ ಅವಳ ತಲೆ. ಬೆವರಿಗೆ ಕರಗಿದ ವಿಭೂತಿ ಮುಖವೆಲ್ಲ ಹರಿದು, ನೋಡಿದರೆ ಯಾವುದೋ ನಾಟಕದ ಪಾತ್ರ. ನಾನು ಗಂಟಲು ಹರಿಯುವಂತೆ ಕೂಗಿದೆ. ಕನ್ನಡದಲ್ಲಿ ಕೂಗಿದೆನೋ ತಮಿಳಿನಲ್ಲಿ ಕೂಗಿದೆನೋ ನೆನಪಿಲ್ಲ. ಹುಡುಗರು ತಟ್ಟೆ ಬಡಿದರು.

ಏರಿ ಇಳಿದಳು. ಕೋಲು ಮೊದಲು, ಕಾಲು ಹಿಂದೆ. ಇನ್ನು ಹತ್ತು ಹೆಜ್ಜೆ ಉಳಿದಿರುವಾಗ ಅವಳು ಒಮ್ಮೆ ಓಲಾಡಿದಳು. ಮೊಣಕಾಲಿನಿಂದ ಪಾದದವರೆಗೆ ರಕ್ತ ಒಣಗಿ ಅಂಟಿತ್ತು. ಅದನ್ನು ನೋಡಿದ ಶಿವಲಿಂಗಮ್ಮ ತಡೆಹಗ್ಗ ಎತ್ತಿ ಒಳಗೆ ನುಗ್ಗಿಯೇಬಿಟ್ಟರು. ನನ್ನ ಕೈಗೆ ಅವರ ಸೆರಗಿನ ತುದಿ ಮಾತ್ರ ಸಿಕ್ಕಿತು.

“ಕಲಾ! ಸಾಕ ಬಾ ನನ್ನ ಮಗಳ! ಬಾ ಇಲ್ಲಿ!” ಎಂದು ಎರಡೂ ಕೈ ಚಾಚಿದರು. ಮುಟ್ಟಿದರೆ ಅಷ್ಟಕ್ಕೇ ಎಲ್ಲ ರದ್ದು. ರವಿಕಿರಣ ತಲೆಯ ಮೇಲೆ ಕೈ ಹೊತ್ತ.

ಕಲಾವತಿ ನಿಂತಳು. ತಾಯಿ ಕರೆದರೆ ನಿಲ್ಲುವುದು ಅವಳ ಮೈಗೇ ಅಂಟಿದ ಅಭ್ಯಾಸ. ಗಡಿಯಾರದಲ್ಲಿ ಎರಡು ನಿಮಿಷ ಇತ್ತು. ಅವಳು ತಾಯಿಯ ಮುಖ ನೋಡಿದಳು, ಗೆರೆ ನೋಡಿದಳು. ಆಮೇಲೆ ಬಲಗೈಯ ಕೋಲನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ತೋರಿಸಿದಳು.

“ಯವ್ವಾ, ಸರಿ ಅತ್ಲಾಗ. ಬಂದ್ನಿ.”

ಶಿವಲಿಂಗಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಕಲಾವತಿ ಟಕ್, ಟಕ್ ಎಂದು ಅವರನ್ನು ದಾಟಿ, ಬ್ಯಾನರಿನ ಕೆಳಗೆ ಹಾದು, ಗೆರೆಯಿಂದಾಚೆ ಇನ್ನೂ ನಾಲ್ಕು ಹೆಜ್ಜೆ ಹೋಗಿ ನಿಂತಳು. ಬೆಳಿಗ್ಗೆ ಹೊರಟು ಹನ್ನೊಂದು ಗಂಟೆ ಐವತ್ತೊಂಬತ್ತು ನಿಮಿಷ. ಕೂಗು, ಸೀಟಿ, ತಟ್ಟೆಯ ಸದ್ದು, ಯಾರು ಯಾರನ್ನು ತಬ್ಬಿಕೊಂಡರೋ, ನಾನಂತೂ ಗುರುತೇ ಇಲ್ಲದ ಒಬ್ಬ ಸರದಾರ್ಜಿಯನ್ನು ತಬ್ಬಿಕೊಂಡಿದ್ದೆ.

ಆ ಗದ್ದಲದಲ್ಲಿ ಕಲಾವತಿ ಮಾತ್ರ ತಿರುಗಿ, ಕುಂಟುತ್ತ ತಾಯಿಯ ಹತ್ತಿರ ಬಂದಳು. ಕೋಲುಗಳ ಪಟ್ಟಿಯಿಂದ ಕೈ ಬಿಡಿಸಿಕೊಂಡು ಅವರ ಎರಡೂ ಕೈ ಹಿಡಿದಳು.

“ಈಗ ಹೇಳವಾ. ಯಾಕ ಕರದಿ?”

ಶಿವಲಿಂಗಮ್ಮ ಕೈ ಬಿಡಿಸಿಕೊಂಡರು. ಮಗಳ ಮುಖದ ಬೂದಿಯನ್ನು ಸೆರಗಿನಿಂದ ಒರೆಸುತ್ತ, ಒರೆಸುತ್ತ, ಅವರಿಗೆ ಅಳು ಬಂತು.

“ಏನೂ ಇಲ್ಲ ನನ್ನ ಮಗಳ,” ಎಂದರು. “ಸುಮ್ನ ಕರದ್ನಿ.”